ಕಂಬ ಎಲ್ಲಿದೆ, ಚೇಂಬರ್ ಎಷ್ಟು ಆಳ? ಹೊಸ ಮನೆಗೆ ಪಾಯ ತೆಗೆಯುವ ಮುಂಚೆ ಹಾಕಬೇಕಾದ ಲೆಕ್ಕ

ಹುಬ್ಬಳ್ಳಿಯಲ್ಲಾಗಲಿ, ಗದಗಿನಲ್ಲಾಗಲಿ, ಮನೆ ಕಟ್ಟಿಸುವವರು ಮೊದಲು ಕೇಳುವುದು ಒಂದೇ: ಚದರ ಅಡಿಗೆ ಎಷ್ಟು? ಕಾಂಟ್ರಾಕ್ಟರ್ ಒಂದು ರೇಟು ಹೇಳುತ್ತಾರೆ. ಅದನ್ನು ಅಡಿಗಳಿಂದ ಗುಣಿಸಿಕೊಂಡು ನಾವು ಬ್ಯಾಂಕಿಗೆ ಹೋಗುತ್ತೇವೆ. ಆ ರೇಟಿನಲ್ಲಿ ಪಾಯ, ಗೋಡೆ, ಸ್ಲ್ಯಾಬು, ಗಿಲಾವು, ಫರ್ಸಿ, ಬಣ್ಣ ಎಲ್ಲ ಬರುತ್ತದೆ. ಆದರೆ ಅದು ಮನೆಯ ಗೋಡೆಗೆ ನಿಂತುಬಿಡುತ್ತದೆ. ಗೋಡೆಯಿಂದ ಕರೆಂಟ್ ಕಂಬದ ತನಕ, ನೀರಿನ ಪೈಪಿನ ತನಕ, ಒಳಚರಂಡಿಯ ಚೇಂಬರಿನ ತನಕ ಆಗುವ ಖರ್ಚು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕೇಳಿದರೆ "ಅದೆಲ್ಲಾ ಆಮ್ಯಾಲೆ ನೋಡೂಣ್ರಿ ಸರ" ಅನ್ನುತ್ತಾರೆ.

ಆಮೇಲೆ ಅಂದರೆ ಯಾವಾಗ? ವಾಸ್ತುಶಾಂತಿಗೆ ದಿನ ಗೊತ್ತು ಮಾಡಿ, ಪತ್ರಿಕೆ ಹಂಚಿದ ಮೇಲೆ. ಅಷ್ಟೊತ್ತಿಗೆ ಸಾಲದ ಕೊನೆಯ ಕಂತೂ ಖಾಲಿಯಾಗಿರುತ್ತದೆ. ಬಂಗಾರ ಅಡವಿಟ್ಟು ಕಂಬ ಹಾಕಿಸಿಕೊಂಡ ಮನೆಯವರನ್ನು ನಾನು ನೋಡಿದ್ದೇನೆ. ಅದು ಸಂಕಟದ ವಿಷಯ. ಯಾಕೆಂದರೆ ಈ ಖರ್ಚುಗಳಲ್ಲಿ ಮೊದಲೇ ತಿಳಿಯದಂಥದ್ದು ಕಡಿಮೆ. ದೊಡ್ಡ ಮೊತ್ತಗಳೆಲ್ಲ ದೂರ ಮತ್ತು ಮಟ್ಟ ಎಂಬ ಎರಡು ಸಂಗತಿಗಳ ಮೇಲೆ ನಿಂತಿವೆ. ಎರಡನ್ನೂ ಸೈಟು ನೋಡಲು ಹೋದ ದಿನವೇ ಅಳೆಯಬಹುದು.

ಸೈಟು ನೋಡಲು ಹೋದಾಗ

ಸೈಟಿನ ನಾಲ್ಕು ಮೂಲೆ ನೋಡಿ ವಾಪಸ್ ಬರಬೇಡಿ. ಕೈಯಲ್ಲಿ ಉದ್ದನೆಯ ಟೇಪು ಇರಲಿ. ಹತ್ತಿರದ ಕಂಬ ಎಷ್ಟು ದೂರ ಇದೆ ಅಂತ ಅಳೆಯಿರಿ. ಅದರ ಮೇಲೆ ಮನೆಗಳಿಗೆ ಹೋಗುವ ಲೈನ್ ಇದೆಯೋ, ಬರೀ 11 ಕೆವಿಯ (ಹೆಚ್ಚು ಒತ್ತಡದ) ಲೈನ್ ಹಾದು ಹೋಗಿದೆಯೋ ನೋಡಿ. 11 ಕೆವಿ ಲೈನ್ ಮನೆಯ ಮುಂದೆಯೇ ಇದ್ದರೂ ಅದರಿಂದ ನೇರವಾಗಿ ನಿಮ್ಮ ಮನೆಗೆ ತಂತಿ ಎಳೆಯಲು ಬರುವುದಿಲ್ಲ. ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ಆಮೇಲೆ ರಸ್ತೆಯಲ್ಲಿ ಒಳಚರಂಡಿಯ ಚೇಂಬರಿನ, ಅಂದರೆ ಮ್ಯಾನ್‌ಹೋಲ್ ಮುಚ್ಚಳ ಹುಡುಕಿ. ಪಕ್ಕದ ಮನೆಯವರನ್ನು ಮಾತಾಡಿಸಿ, ನಳ ಬಂದಿದೆಯಾ, ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಸಂಡಾಸಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಸೈಟು ಮಾರುವವರು ಹೇಳದ ಸಂಗತಿಯನ್ನು ಪಕ್ಕದ ಮನೆಯ ಅಕ್ಕನವರು ಐದೇ ನಿಮಿಷದಲ್ಲಿ ಹೇಳುತ್ತಾರೆ.

ಇಲ್ಲೇ ನಮ್ಮ ಕಡೆಯ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಬೇಕು. "ಎನ್ಎ ಆಗೇತ್ರಿ, ಏನೂ ಚಿಂತಿ ಇಲ್ಲ" ಅಂತ ಮಾರುವವರು ಹೇಳುತ್ತಾರೆ. ಎನ್ಎ ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಾಯಿಸಿದ್ದಾರೆ ಅಂತ, ಅಷ್ಟೇ. ಅಲ್ಲಿ ರಸ್ತೆ, ಕಂಬ, ಪೈಪು, ಚರಂಡಿ ಇವೆ ಅಂತ ಅಲ್ಲ. ಲೇಔಟಿಗೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಬೇರೆ. ಲೇಔಟ್ ಮಾಡಿದವರು ಈ ಕೆಲಸಗಳನ್ನೆಲ್ಲ ಮುಗಿಸಿ ಮಹಾನಗರ ಪಾಲಿಕೆಗೆ ಹಸ್ತಾಂತರ ಮಾಡುವುದು ಇನ್ನೂ ಬೇರೆ. ಈ ಮೂರೂ ಕಾಗದ ಕೇಳಿ. ಗದಗ-ಬೆಟಗೇರಿಯಲ್ಲೂ ಹಾವೇರಿಯಲ್ಲೂ ಪ್ರಾಧಿಕಾರ, ನಗರಸಭೆ ಅಂತ ಹೆಸರು ಬದಲಾಗುತ್ತದೆ, ಪ್ರಶ್ನೆ ಅದೇ. ಊರ ಹೊರಗೆ ಪಂಚಾಯಿತಿ ಹದ್ದಿಯಲ್ಲಿದ್ದರೆ ಪಂಚಾಯಿತಿ ಕೊಡುವ ಇ-ಸ್ವತ್ತು ಆಸ್ತಿ ದಾಖಲೆ ನೋಡಿ.

ಅಗ್ಗಕ್ಕೆ ಸಿಕ್ಕಿತು ಅಂತ ಗುಂಟೆ ಪ್ಲಾಟು (ಲೇಔಟ್ ಮಂಜೂರಾತಿ ಇಲ್ಲದೆ ಗುಂಟೆ ಲೆಕ್ಕದಲ್ಲಿ ಮಾರುವ ಜಾಗ) ತೆಗೆದುಕೊಳ್ಳುವವರು ಈ ಲೆಕ್ಕವನ್ನು ಎರಡು ಸಲ ಹಾಕಬೇಕು. ಲೇಔಟಿಗೆ ವಿದ್ಯುದೀಕರಣ ಆಗಿಲ್ಲದಿದ್ದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಭಾರ ಮನೆ ಕಟ್ಟುವವರ ಮೇಲೆ ಬೀಳುತ್ತದೆ. ಮೊದಲು ಮನೆ ಕಟ್ಟಿದವರ ಮೇಲೆ ಎಲ್ಲರಿಗಿಂತ ಜಾಸ್ತಿ. ಅಂಥ ಕಡೆ ಅಕ್ಕಪಕ್ಕದ ನಾಲ್ಕಾರು ಸೈಟಿನವರು ಸೇರಿ ಒಟ್ಟಿಗೆ ಅರ್ಜಿ ಹಾಕುವುದು ಎಷ್ಟೋ ಮೇಲು.

ಕರೆಂಟು

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗೆ ಕರೆಂಟ್ ಕೊಡುವುದು ಹೆಸ್ಕಾಂ. ಮನೆ ಕಟ್ಟುವಾಗ ಎರಡು ಸಲ ಅದರ ಬಾಗಿಲಿಗೆ ಹೋಗಬೇಕಾಗುತ್ತದೆ. ಕಟ್ಟುವ ಕೆಲಸಕ್ಕೆ ಮೊದಲು ತಾತ್ಕಾಲಿಕ ಸಂಪರ್ಕ, ಆಮೇಲೆ ವಾಸಕ್ಕೆ ಕಾಯಂ ಸಂಪರ್ಕ.

ತಾತ್ಕಾಲಿಕ ಸಂಪರ್ಕಕ್ಕೆ ಎಲ್‌ಟಿ-7 ಅಂತ ಬೇರೆ ದರಪಟ್ಟಿ ಇದೆ. ಮನೆ ಬಳಕೆಯ ದರಕ್ಕಿಂತ ಅದು ಜಾಸ್ತಿ. ಹಾಗಂತ ಪಕ್ಕದ ಮನೆಯಿಂದ ವೈರ್ ಎಳೆದುಕೊಂಡು ಮಿಕ್ಸರ್, ಟೈಲ್ಸ್ ಕಟರ್, ಪಂಪು ಓಡಿಸುವುದು ನಮ್ಮ ಕಡೆ ಬಹಳ ರೂಢಿ. ದಯವಿಟ್ಟು ಮಾಡಬೇಡಿ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ಹಾಕುತ್ತಾರೆ. ಎಷ್ಟು ದಿನದಿಂದ ಅಂತ ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಿಡಿಯಬಹುದು. ನೋಟಿಸು ಬರುವುದು ಮೀಟರ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಉಪಕಾರ ಮಾಡಿದ ನೆರೆಯವರಿಗೆ ಹೊಸ ಮನೆಗೆ ಬರುವ ಮುಂಚೆಯೇ ತೊಂದರೆ ಕೊಟ್ಟಂತಾಗುತ್ತದೆ.

ಕಾಯಂ ಸಂಪರ್ಕಕ್ಕೆ ಬರುವ ಡಿಮ್ಯಾಂಡ್ ನೋಟಿಸಿನಲ್ಲಿ ಒಂದೇ ಮೊತ್ತ ನೋಡಿ ಗಾಬರಿಯಾಗಬೇಡಿ. ಸಾಲು ಸಾಲಾಗಿ ಓದಿ. ಅದರಲ್ಲಿ ಠೇವಣಿ ಒಂದು. ಇದು ಎರಡು ತಿಂಗಳ ಬಳಕೆಯ ಅಂದಾಜಿನ ಮೇಲೆ ಇರುತ್ತದೆ, ನಿಮ್ಮ ಹಣವಾಗಿಯೇ ಉಳಿಯುತ್ತದೆ, ಅದಕ್ಕೆ ಬಡ್ಡಿಯೂ ಸೇರುತ್ತದೆ. ಬಳಕೆ ಏರಿದರೆ ಮುಂದೆ ಹೆಚ್ಚುವರಿ ಠೇವಣಿ ಕಟ್ಟಿ ಅಂತ ನೋಟಿಸು ಬರಬಹುದು. ಇನ್ನುಳಿದ ನೋಂದಣಿ, ಸಂಪರ್ಕ ಶುಲ್ಕ, ಲೈನ್ ಕೆಲಸದ ಹಣ ವಾಪಸ್ ಬರುವಂಥದ್ದಲ್ಲ. ಯಾವುದು ಠೇವಣಿ, ಯಾವುದು ಶುಲ್ಕ ಅಂತ ಪೆನ್ನಿನಿಂದ ಗುರುತು ಹಾಕಿಟ್ಟುಕೊಳ್ಳಿ.

ಮೀಟರಿನ ಖರ್ಚು ಈಗ ಬೇರೆಯೇ ಆಗಿದೆ. 2025ರಲ್ಲಿ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ತಂದರು. ಮೊದಲು ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ ಸುಮಾರು ಐದು ಸಾವಿರ ಆಯಿತು. ತ್ರೀ ಫೇಸಿಗೆ ಇನ್ನೂ ಜಾಸ್ತಿ. ಅದಕ್ಕೂ ಮುಂಚೆ ಮನೆ ಕಟ್ಟಿದ ನೆಂಟರ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಎರಡು ಮೀಟರಿನ ಲೆಕ್ಕ ಹಿಡಿಯಿರಿ.

ಲೋಡು ಎಷ್ಟು ಬೇಕು ಅನ್ನುವುದನ್ನು ವೈರಿಂಗ್ ಮಾಡುವವರ ಬಾಯಿಮಾತಿಗೆ ಬಿಡಬೇಡಿ. ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ ನಿಗದಿತ ಶುಲ್ಕ ಇದೆ. 2025–26ರ ಮನೆ ಬಳಕೆಯ ದರದಲ್ಲಿ ಅದು ಕಿಲೋವ್ಯಾಟಿಗೆ 145 ರೂಪಾಯಿ ಇತ್ತು. ಮೂರು ಕಿಲೋವ್ಯಾಟ್ ಸಾಕಾಗುವ ಮನೆಗೆ ಸುಮ್ನೆ ಐದು ತೆಗೆದುಕೊಂಡರೆ ಆ ದರದಲ್ಲಿ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಬಳಸದ ಲೋಡಿಗೆ ಹೋಗುತ್ತದೆ. ಹಾಗೆಯೇ ಕಡಿಮೆ ತೆಗೆದುಕೊಂಡು ಆಮೇಲೆ ಎಸಿ, ಬೋರ್‌ವೆಲ್ ಪಂಪು ಸೇರಿಸಿದರೆ ಲೋಡು ಹೆಚ್ಚಿಸಲು ಮತ್ತೆ ಅರ್ಜಿ, ಮತ್ತೆ ಹಣ. ಮನೆಯಲ್ಲಿ ಕೂತು ಒಂದು ಪಟ್ಟಿ ಮಾಡಿ: ಗೀಸರ್, ಪಂಪು, ಇಸ್ತ್ರಿ, ಮಿಕ್ಸರ್, ಫ್ರಿಜ್. ಯಾವೆಲ್ಲ ಒಟ್ಟಿಗೆ ನಡೆಯುತ್ತವೆ ನೋಡಿ, ಅದರ ಮೇಲೆ ತೀರ್ಮಾನ ಮಾಡಿ.

ಗೃಹಜ್ಯೋತಿಯ ಲೆಕ್ಕ ಹಿಡಿದು 200 ಯೂನಿಟ್ ಪೂರ್ತಿ ಉಚಿತ ಅಂತ ಕೂತವರೂ ಇದ್ದಾರೆ. ಈ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ಗೊತ್ತು ಮಾಡುತ್ತಾರೆ. ಹೊಸ ಮನೆಗೆ ಆ ಹಿಂದಿನ ಲೆಕ್ಕವೇ ಇಲ್ಲ. ಹಾಗಾಗಿ ರಾಜ್ಯದ ಸರಾಸರಿ 53 ಯೂನಿಟ್ಟನ್ನು ಆಧಾರವಾಗಿ ಹಿಡಿದು ಅದರ ಮೇಲೆ ಸ್ವಲ್ಪ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಬಳಸಿದ್ದಕ್ಕೆ ಬಿಲ್ಲು ಬರುತ್ತದೆ.

ಇನ್ನು ಕಂಬದ ವಿಷಯ. ದೂರ ಜಾಸ್ತಿ ಇದ್ದರೆ ಸರ್ವಿಸ್ ವೈರ್ ಒಂದೇ ಎಳೆತಕ್ಕೆ ಮುಟ್ಟುವುದಿಲ್ಲ, ನಡುವೆ ಕಂಬ ನೆಡಬೇಕು, ಅದಕ್ಕೆ ಎಸ್ಟಿಮೇಟ್ ಆಗಬೇಕು. ಸೈಟಿನ ಎದುರಿಗೇ ಕಂಬ ಬಂದು ಗೇಟಿಗೆ ಅಡ್ಡವಾದರೆ ಅದನ್ನು ಸರಿಸುವ ಖರ್ಚೂ ನಿಮ್ಮದೇ. ಆದ್ದರಿಂದ ಗೇಟು ಎಲ್ಲಿ ಬರಬೇಕು ಅಂತ ಪ್ಲ್ಯಾನಿನಲ್ಲಿ ಗೆರೆ ಎಳೆಯುವಾಗಲೇ ಕಂಬ ಎಲ್ಲಿದೆ ಅಂತ ಇಂಜಿನಿಯರಿಗೆ ತೋರಿಸಿ. ಹಾಗೆಯೇ ಲೈನಿನಿಂದ ಬಿಡಬೇಕಾದ ಅಂತರ. 11 ಕೆವಿ ಲೈನ್ ಇದ್ದರೆ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಬೇಕು. ಮನೆಗಳಿಗೆ ಹೋಗುವ ಲೈನಿಗೆ ಪಕ್ಕಕ್ಕೆ 1.2, ಮೇಲಕ್ಕೆ 2.5 ಮೀಟರ್. ಈ ಅಳತೆ ಗೋಡೆಯಿಂದ ಅಲ್ಲ, ಹೊರಕ್ಕೆ ಚಾಚಿದ ಬಾಲ್ಕನಿಯ ತುದಿಯಿಂದ. ಇಲ್ಲಿ ಹಣಕ್ಕಿಂತ ಜೀವದ ಪ್ರಶ್ನೆ ದೊಡ್ಡದು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ಕೋಲು ಎತ್ತಿದಾಗ ಆದ ಅನಾಹುತಗಳನ್ನು ಎಲ್ಲರೂ ಕೇಳಿದ್ದೇವೆ.

ಅರ್ಜಿಗೆ ಸೈಟಿನ ದಾಖಲೆ, ತೆರಿಗೆ ರಸೀದಿ, ಮಂಜೂರಾದ ಪ್ಲ್ಯಾನು, ಆಧಾರ್, ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕೊಟ್ಟ ವೈರಿಂಗ್ ವರದಿ ಬೇಕು. ಪಕ್ಕದ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬರೆದುಕೊಂಡು ಹೋದರೆ ಯಾವ ಕಂಬದಿಂದ ಕೊಡಬೇಕು ಅಂತ ಅವರಿಗೂ ಬೇಗ ತಿಳಿಯುತ್ತದೆ. ಪ್ಲ್ಯಾನು ಬಿಟ್ಟು ಕಟ್ಟಿದರೆ ಈಗ ಕಷ್ಟ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನ ಪತ್ರ (ಓಸಿ, ಅಂದರೆ ಪ್ಲ್ಯಾನಿನಂತೆ ಕಟ್ಟಿದೆ, ವಾಸಕ್ಕೆ ಅಡ್ಡಿಯಿಲ್ಲ ಅನ್ನುವ ಪತ್ರ) ನೋಡಿಯೇ ನೀರು, ಕರೆಂಟ್, ಒಳಚರಂಡಿ ಸಂಪರ್ಕ ಕೊಡಬೇಕು ಅಂತ ಹೇಳಿತು. ಆ ಮೇಲೆ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಸಂಪರ್ಕ ಸಿಗದೆ ನಿಂತವು. ಸಣ್ಣ ಸೈಟುಗಳ ವಿಷಯದಲ್ಲಿ ಆದೇಶಗಳು ಬದಲಾಗುತ್ತಾ ಬಂದಿವೆ. ನೀವು ಅರ್ಜಿ ಹಾಕುವ ಹೊತ್ತಿಗೆ ಯಾವ ಸುತ್ತೋಲೆ ಚಾಲ್ತಿಯಲ್ಲಿದೆ ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿ, ಅದರ ಪ್ರತಿ ಇಸಿದುಕೊಳ್ಳಿ.

ಒಳಚರಂಡಿ: ಎಲ್ಲಕ್ಕಿಂತ ದುಬಾರಿ ತಪ್ಪು ಇಲ್ಲೇ

ಕರೆಂಟಿನ ತಂತಿಯನ್ನು ಏರಿಸಬಹುದು, ಇಳಿಸಬಹುದು. ಸಂಡಾಸಿನ ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ. ಅದಕ್ಕೇ ಕಂಬಕ್ಕಿಂತ ಮೊದಲು ಚೇಂಬರ್ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಒಂದು ಲೆಕ್ಕ ನೋಡಿ. ಸೈಟು 30×50 ಅಡಿ. ಸಂಡಾಸು ಹಿಂದಿನ ಮೂಲೆಯಲ್ಲಿ. ಅಲ್ಲಿಂದ ರಸ್ತೆಯ ಮ್ಯಾನ್‌ಹೋಲಿನ ತನಕ 60 ಅಡಿ ಅಂತಿಟ್ಟುಕೊಳ್ಳಿ. ನಾಲ್ಕು ಇಂಚಿನ ಪೈಪಿಗೆ 60 ಅಡಿಗೆ ಒಂದು ಅಡಿ ಇಳಿಜಾರು ಕೊಡುವುದು ವಾಡಿಕೆ. ಹಿಂದಿನ ಮೂಲೆಯಲ್ಲಿ ಪೈಪು ನೆಲದಿಂದ ಒಂದೂವರೆ ಅಡಿ ಕೆಳಗೆ ಶುರುವಾದರೆ ಮ್ಯಾನ್‌ಹೋಲಿಗೆ ಮುಟ್ಟುವಾಗ ಎರಡೂವರೆ ಅಡಿ ಕೆಳಗಿರುತ್ತದೆ. ಅಲ್ಲಿ ಮ್ಯಾನ್‌ಹೋಲಿನ ಒಳಗಿನ ಕಾಲುವೆ ಅದಕ್ಕಿಂತ ಕೆಳಗಿದ್ದರೆ ಸರಿ. ಮೇಲಿದ್ದರೆ ನೀರು ಮನೆಗೇ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ಅದು ಎಂಥ ನರಕ ಅಂತ ತಗ್ಗಿನ ಓಣಿಯವರಿಗೆ ಗೊತ್ತು.

ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಗೌಂಡಿಯ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದೆ. ಒಂದು ತುದಿ ಸೈಟಿನ ಹಿಂದಿನ ಮೂಲೆಯಲ್ಲಿ ನೆಟ್ಟ ಗೂಟದ ಹತ್ತಿರ, ಇನ್ನೊಂದು ಮ್ಯಾನ್‌ಹೋಲಿನ ಹತ್ತಿರ ಹಿಡಿಯಲಿ. ಪೈಪಿನಲ್ಲಿ ಗಾಳಿಯ ಗುಳ್ಳೆ ಇರಬಾರದು, ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ. ನೀರು ಅಲುಗಾಡುವುದು ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ಗುರುತಿನಿಂದ ನೆಲಕ್ಕೆ ಎಷ್ಟು ಅಂತ ಅಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಸೈಟಿನ ಏರು ಅಥವಾ ತಗ್ಗು. ಮ್ಯಾನ್‌ಹೋಲಿನ ಮುಚ್ಚಳವನ್ನು ನೀವಾಗಿ ತೆಗೆಯಬೇಡಿ, ಒಳಗೆ ಯಾರನ್ನೂ ಇಳಿಸಲೇಬೇಡಿ. ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ. ಪಾಲಿಕೆಯ ಸಿಬ್ಬಂದಿಯನ್ನು ಕರೆದು ಮೇಲಿನಿಂದಲೇ ಕೋಲು ಬಿಟ್ಟು ಆಳ ನೋಡಿಸಿ.

ಮಟ್ಟ ಸಾಲದಿದ್ದರೆ ಪಾಯ ಏರಿಸಬೇಕು. 25×40 ಅಡಿಯ ಮನೆಗೆ ಒಂದು ಅಡಿ ಏರಿಸಲು 1,000 ಘನ ಅಡಿ ಗರಸು ಬೇಕು, ಅಂದರೆ ಹತ್ತು ಬ್ರಾಸ್. ಕುಟ್ಟಿದ ಮೇಲೆ ತಗ್ಗುವುದನ್ನು ಸೇರಿಸಿದರೆ ಇನ್ನೂ ಜಾಸ್ತಿ. ಪಾಯದ ಗೋಡೆಯ ಕಲ್ಲು, ಮೆಟ್ಟಿಲು ಬೇರೆ. ಪಾಯದ ಮುಂಚೆ ಗೊತ್ತಾದರೆ ಇದು ಹೊರೆಯಾದರೂ ತಡೆದುಕೊಳ್ಳುವಂಥ ಖರ್ಚು. ಸ್ಲ್ಯಾಬ್ ಆದ ಮೇಲೆ ಗೊತ್ತಾದರೆ ಫರ್ಸಿ ಒಡೆಯಬೇಕು. ಸಂಡಾಸನ್ನು ರಸ್ತೆಯ ಕಡೆಗೆ ತಂದರೂ ಇಳಿಜಾರಿನ ಲೆಕ್ಕ ಅರ್ಧಕ್ಕರ್ಧ ಹಗುರಾಗುತ್ತದೆ. ವಾಸ್ತು ಕೇಳುವವರು ಆಚಾರ್ಯರ ಮುಂದೆ ಈ ಅಳತೆಯನ್ನೂ ಇಡಲಿ.

ಒಳಚರಂಡಿಯೇ ಇಲ್ಲದ ಬಡಾವಣೆಯಾದರೆ ಸೆಪ್ಟಿಕ್ ಟ್ಯಾಂಕು ಮತ್ತು ಇಂಗು ಗುಂಡಿ. ಧಾರವಾಡದ ಕೆಂಪು ಮಣ್ಣಿನಲ್ಲಿ ಇದು ಬಹುಮಟ್ಟಿಗೆ ನಡೆಯುತ್ತದೆ. ಹುಬ್ಬಳ್ಳಿ, ಗದಗ ಕಡೆಯ ಎರಿ (ಕಪ್ಪು) ಮಣ್ಣಿನಲ್ಲಿ ನೀರು ಇಂಗುವುದೇ ಬಹಳ ನಿಧಾನ. ಗುಂಡಿ ಬೇಗ ತುಂಬುತ್ತದೆ, ಸಕ್ಕಿಂಗ್ ಗಾಡಿಯನ್ನು ಪದೇ ಪದೇ ಕರೆಸಬೇಕು, ಅದೊಂದು ಮುಗಿಯದ ಖರ್ಚು. ಕಟ್ಟುವ ಮುಂಚೆ ಸೈಟಿನಲ್ಲಿ ಸಣ್ಣ ಗುಂಡಿ ತೆಗೆದು, ರಾತ್ರಿಯಿಡೀ ನೀರು ನಿಲ್ಲಿಸಿ, ಮಾರನೇ ದಿನ ಮತ್ತೆ ತುಂಬಿ ತಾಸಿಗೆ ಎಷ್ಟು ಇಳಿಯುತ್ತದೆ ನೋಡಿ. ಇಳಿಯದಿದ್ದರೆ ಇಂಜಿನಿಯರ್ ಹತ್ತಿರ ಬೇರೆ ದಾರಿ ಕೇಳಿ. ಇಂಗು ಗುಂಡಿ ಕುಡಿಯುವ ನೀರಿನ ಬಾವಿ ಅಥವಾ ಬೋರಿನಿಂದ 18 ಮೀಟರ್ ದೂರ ಇರಬೇಕು ಅನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ನಿಯಮ. 30×50ರ ಸೈಟಿನಲ್ಲಿ ಅಷ್ಟು ದೂರ ಸಿಗುವುದೇ ಕಷ್ಟ. ಬೋರು ಮತ್ತು ಇಂಗು ಗುಂಡಿ ಎರಡನ್ನೂ ಒಂದೇ ಸೈಟಿನಲ್ಲಿ ತುರುಕಿದರೆ ಮಕ್ಕಳ ಹೊಟ್ಟೆಗೆ ಯಾವ ನೀರು ಹೋಗುತ್ತದೆ ಅಂತ ಯೋಚಿಸಿ.

ಎರಿ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಪೈಪಿನ ಜಾಯಿಂಟುಗಳು ಇದರಿಂದಲೇ ಬಿಟ್ಟುಕೊಳ್ಳುತ್ತವೆ. ಪೈಪಿನ ಸುತ್ತ ಮರಳು ಅಥವಾ ಗರಸು ಹಾಕಿಸಿ, ಪಾಯದ ಗೋಡೆ ದಾಟುವ ಕಡೆ ದೊಡ್ಡ ಪೈಪಿನ ತುಂಡು ಇಟ್ಟು ಅದರೊಳಗಿಂದ ಇದನ್ನು ದಾಟಿಸಿ. ಪಾಯದ ಹತ್ತಿರ ನೀರು ಸೋರಿದರೆ ಒಂದು ಕಡೆಯ ಮಣ್ಣು ಮಾತ್ರ ಉಬ್ಬಿ ಗೋಡೆ ಸೀಳುತ್ತದೆ. ಆಗ ಪ್ಲಂಬರಿನ ಖರ್ಚಿನ ಜೊತೆ ಗೌಂಡಿಯ ಖರ್ಚೂ ಬರುತ್ತದೆ.

ನೀರು

ನಳದ ಸಂಪರ್ಕಕ್ಕೆ ಠೇವಣಿ, ಸಂಪರ್ಕ ಶುಲ್ಕ, ಮೀಟರ್ ಇವೆಲ್ಲ ಇವೆ. ಆದರೆ ಜೇಬಿಗೆ ಪೆಟ್ಟು ಕೊಡುವುದು ರಸ್ತೆ ಅಗೆಯುವ ಶುಲ್ಕ. ಗರಸಿನ ರಸ್ತೆಗೆ ಕಡಿಮೆ, ಡಾಂಬರಿಗೆ ಹೆಚ್ಚು, ಕಾಂಕ್ರೀಟಿಗೆ ಎಲ್ಲಕ್ಕಿಂತ ಹೆಚ್ಚು. ನೀರಿನ ಪೈಪು ರಸ್ತೆಯ ನಿಮ್ಮ ಬದಿಯಲ್ಲಿದೆಯೋ ಆಚೆ ಬದಿಯಲ್ಲಿದೆಯೋ ಎನ್ನುವುದರ ಮೇಲೆ ಮೊತ್ತ ಎಷ್ಟೋ ಬದಲಾಗುತ್ತದೆ. ನಿಮ್ಮ ಓಣಿಗೆ ಕಾಂಕ್ರೀಟ್ ರಸ್ತೆ ಮಂಜೂರಾಗಿದೆ ಅಂತ ವಾರ್ಡಿನಲ್ಲಿ ಸುದ್ದಿ ಇದ್ದರೆ, ಮನೆ ಇನ್ನೂ ಅರ್ಧ ಆಗಿದ್ದರೂ ನಳ ಮತ್ತು ಒಳಚರಂಡಿಯ ಪೈಪನ್ನು ಅನುಮತಿ ಪಡೆದು ರಸ್ತೆ ದಾಟಿಸಿಬಿಡಿ. ಎರಡಕ್ಕೂ ಒಂದೇ ಸಲ ಅಗೆಯುವಂತೆ ಅರ್ಜಿಗಳನ್ನು ಜೊತೆಗೆ ಹಾಕಿ. ಅನುಮತಿ ಇಲ್ಲದೆ ರಾತ್ರಿ ಅಗೆಸಿದರೆ ದಂಡ ಬೀಳುತ್ತದೆ, ಸರಿಯಾಗಿ ಮುಚ್ಚದ ತೆಗ್ಗಿನಲ್ಲಿ ಬೈಕಿನವರು ಬೀಳುತ್ತಾರೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಸವದತ್ತಿಯ ರೇಣುಕಾ ಸಾಗರದಿಂದ ಮಲಪ್ರಭೆ ನೀರು ಬರುತ್ತದೆ, ಗದಗ ಮತ್ತು ಹಾವೇರಿಗೆ ತುಂಗಭದ್ರೆ. 24 ತಾಸು ನೀರು ಬರುವ ವಾರ್ಡಾದರೆ ಸಣ್ಣ ಸಂಪು ಸಾಕು. ಇಲ್ಲದಿದ್ದರೆ ಸಂಪಿನ ಲೆಕ್ಕ ಮನೆಯ ಲೆಕ್ಕದೊಳಗೇ ಬರಬೇಕು. ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ ಅಂತಿಟ್ಟುಕೊಳ್ಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ಐದು ಜನರ ಮನೆಗೆ ಎಂಟು ದಿನಕ್ಕೆ 5,400 ಲೀಟರ್. ಒಳಗಿನ ಅಳತೆ 6×6×6 ಅಡಿ ಇದ್ದರೆ ಸುಮಾರು 6,100 ಲೀಟರ್ ಹಿಡಿಯುತ್ತದೆ. ಎರಿ ಮಣ್ಣಿನಲ್ಲಿ ಇಟ್ಟಂಗಿ ಸಂಪು ಬೇಡ, ಕಾಂಕ್ರೀಟೇ ಮಾಡಿಸಿ. ನಳಕ್ಕೆ ನೇರವಾಗಿ ಮೋಟರ್ ಹಚ್ಚುವುದು ನಿಷಿದ್ಧ, ಓಣಿಯ ಕೊನೆಯ ಮನೆಯವರ ಪಾಲಿನ ನೀರನ್ನು ಅದು ಎಳೆದುಕೊಳ್ಳುತ್ತದೆ.

ಅಡುಗೆ ಅನಿಲದ ಪೈಪು ಧಾರವಾಡ ಜಿಲ್ಲೆಯಲ್ಲಿ ಕೆಲವು ಬಡಾವಣೆಗಳಿಗೆ ಬಂದಿದೆ. ಇಂಟರ್‌ನೆಟ್ ಕೇಬಲ್ ಎಲ್ಲೆಡೆ ಇದೆ. ಮಾಳಿಗೆಯ ಮೇಲೆ ಸೋಲಾರ್ ಮುಂದೆ ಹಾಕಿಸಬಹುದು. ಈ ಮೂರಕ್ಕೂ ಗಿಲಾವಿನ ಮುಂಚೆ ಗೋಡೆಯಲ್ಲಿ ಖಾಲಿ ಪೈಪು ಬಿಡಿಸಿ. ಈಗ ಆಗುವ ಖರ್ಚು ಬಹಳ ಸಣ್ಣದು.

ಕಾಗದದ ಮೇಲೆ ತನ್ನಿ

ಕಾಂಟ್ರಾಕ್ಟರ್ ಜೊತೆ ಕರಾರು ಮಾಡುವಾಗ ಒಂದೊಂದೂ ಕೇಳಿ ಬರೆಸಿ. ಕಟ್ಟುವಾಗಿನ ಕರೆಂಟ್ ಬಿಲ್ಲು ಯಾರು ಕಟ್ಟಬೇಕು? ಕ್ಯೂರಿಂಗಿಗೆ ಟ್ಯಾಂಕರ್ ನೀರು ಯಾರದು? ಮೀಟರ್ ಬೋರ್ಡು, ಅರ್ಥಿಂಗ್, ಕಂಪೌಂಡಿನ ಹೊರಗಿನ ಪೈಪು, ಕೊನೆಯ ಚೇಂಬರ್, ಸಂಪು ರೇಟಿನೊಳಗೆ ಬಂತಾ, ಹೊರಗಾ? "ಎಲ್ಲಾ ಬರ್ತೈತ್ರಿ" ಅನ್ನುವ ಮಾತಿಗೆ ಸಹಿ ಇರುವುದಿಲ್ಲ. ಒಳ್ಳೆಯ ಕಾಂಟ್ರಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊನೆಯಲ್ಲಿ ಜಗಳ ಬೇಡ ಅಂತ ಅವರಿಗೂ ಇರುತ್ತದೆ.

ಬ್ಯಾಂಕಿಗೆ ಕೊಡುವ ಎಸ್ಟಿಮೇಟಿನಲ್ಲೇ ಸಂಪರ್ಕದ ಖರ್ಚಿಗೆ ಬೇರೆ ಸಾಲು ಹಾಕಿಸಿ. ಸಾಲ ಹಂತಹಂತವಾಗಿ ಬರುತ್ತದೆ, ಕೊನೆಯ ಹಂತದಲ್ಲಿ ಬರೀ ಬಣ್ಣ, ಟೈಲ್ಸ್ ಇದ್ದರೆ ಕಂಬಕ್ಕೆ ಹಣ ಉಳಿಯುವುದಿಲ್ಲ. ನಿಮ್ಮ ಓಣಿಯ ಅಂದಾಜು ಬೇಕಿದ್ದರೆ ಈಚೆಗೆ ಮನೆ ಕಟ್ಟಿದವರ ರಸೀದಿ ನೋಡಿ. ಬಾಯಿಲೆಕ್ಕದಲ್ಲಿ ಏಜೆಂಟರಿಗೆ ಕೊಟ್ಟದ್ದೂ ಸೇರಿರುತ್ತದೆ, ರಸೀದಿಯಲ್ಲಿ ಕಟ್ಟಬೇಕಾದದ್ದು ಮಾತ್ರ ಇರುತ್ತದೆ. ಅರ್ಜಿಯನ್ನು ನೀವೇ ಹಾಕಿ, ಹಣವನ್ನು ನೀವೇ ಕಟ್ಟಿ, ನಿಮ್ಮ ಹೆಸರಿನಲ್ಲೇ ರಸೀದಿ ಪಡೆಯಿರಿ. ಠೇವಣಿ ಯಾರ ಹೆಸರಿನಲ್ಲಿದೆಯೋ ವಾಪಸ್ ಬರುವುದು ಅವರಿಗೇ.

ಗಿಲಾವು ನಡೆಯುವಾಗಲೇ ಅರ್ಜಿಗಳು ಹೋಗಿರಲಿ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ಅರ್ಜಿ ಪೂರ್ತಿಯಾಗಿದ್ದರೆ ನಗರಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನದೊಳಗೆ ಹೊಸ ಸಂಪರ್ಕ ಕೊಡಬೇಕು. ಲೈನ್ ವಿಸ್ತರಣೆ ಬೇಕಾದರೆ ಅದಕ್ಕೆ ಹೆಚ್ಚು ಸಮಯ ಇದೆ. ಅರ್ಜಿಯ ಸ್ವೀಕೃತಿ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ತಡವಾದರೆ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಅಲ್ಲಿಗೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ ಬರೆದು ಕೊಡಿ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಎಸ್ಟಿಮೇಟ್ ಜಾಸ್ತಿ ಅನ್ನಿಸಿದರೂ ಇದೇ ದಾರಿ: ಯಾವ ಸಾಮಾನಿಗೆ ಎಷ್ಟು ಹಾಕಿದ್ದಾರೆ ಅಂತ ವಿವರದ ಪ್ರತಿ ಲಿಖಿತವಾಗಿ ಕೇಳಿ.

ಕೊನೆಗೆ, ಪೈಪು ಹೂಳಿ ಮಣ್ಣು ಮುಚ್ಚುವ ಮುಂಚೆ ಪ್ರತಿ ತಿರುವಿನ ಫೋಟೊ ತೆಗೆಯಿರಿ. ಫೋಟೊದಲ್ಲಿ ಟೇಪು ಕಾಣಲಿ, ಕಂಪೌಂಡಿನ ಗೋಡೆಯಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಆಳ ಅಂತ ತಿಳಿಯುವಂತೆ. ಅವುಗಳ ಒಂದು ಪ್ರತಿಯನ್ನು ರಸೀದಿಗಳ ಫೈಲಿನಲ್ಲಿ ಇಡಿ. ಮುಂದೆ ಎಲ್ಲಾದರೂ ಸೋರಿದರೆ ಪ್ಲಂಬರ್ ಅಂಗಳವನ್ನೆಲ್ಲ ಅಗೆಯಬೇಕಾಗಿಲ್ಲ.